ತಾರಸಿಯ ತಂತಿಗೆ ಜಗದ ನಂಟು

ಮೊಬೈಲ್ ಟವರ್ ಬೇಡ, ಇಂಟರ್ನೆಟ್ ಬೇಡ, ತಿಂಗಳ ಬಿಲ್ಲಿನ ಗೊಡವೆಯೂ ಇಲ್ಲ. ಇಪ್ಪತ್ತು ಮೀಟರ್ ತಾಮ್ರದ ತಂತಿ, ಕೈಯಾರೆ ಬೆಸುಗೆ ಹಾಕಿದ ಒಂದು ಪೆಟ್ಟಿಗೆ, ತಾಳ್ಮೆಯಿರುವ ಕಿವಿ ಇಷ್ಟಿದ್ದರೆ ಬೆಂಗಳೂರಿನ ಪುಟ್ಟ ಸೈಟಿನಿಂದ ಬ್ರೆಜಿಲ್‌ವರೆಗೂ ಮಾತು ತಲುಪುತ್ತದೆ. ಏಪ್ರಿಲ್ 18 ವಿಶ್ವ ಹವ್ಯಾಸಿ ರೇಡಿಯೊ ದಿನ. ಅರ್ಧ ಶತಮಾನದಿಂದ ಈ ಗೀಳನ್ನು ಬಿಡದ ನಿವೃತ್ತ ಎಂಜಿನಿಯರೊಬ್ಬರ ರೇಡಿಯೊ ಕೋಣೆಗೆ ಬನ್ನಿ.

ಸಂಜೆ ಐದೂವರೆ. ಬೆಂಗಳೂರಿನ ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಮಹಡಿ ಮೇಲಿನ ಪುಟ್ಟ ಕೋಣೆಯಲ್ಲಿ ರೇಡಿಯೊ ಪೆಟ್ಟಿಗೆ ಮಾತಾಡುತ್ತಿದೆ. ಶಿವಮೊಗ್ಗದಿಂದ ಒಬ್ಬರು, ಮೈಸೂರಿನಿಂದ ಒಬ್ಬರು, ಕುಂದಾಪುರದ ಕಡೆಯಿಂದ ಇನ್ನೊಬ್ಬರು. ಮಾತಿನ ನಡುನಡುವೆ ಚಟಪಟ ಸಿಡಿತ, ಒಣಗಿದ ತೆಂಗಿನ ಗರಿಗೆ ಬೆಂಕಿ ತಾಗಿದ ಹಾಗೆ.

‘ಕೇಳಿಸ್ತಾ? ಮಿಂಚು ಅದು’ ಎನ್ನುತ್ತಾರೆ ಮನೆಯ ಯಜಮಾನರು, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ. ‘ಇನ್ನೂ ದೂರ ಇದೆ. ಆದ್ರೆ ಸದ್ದು ದಪ್ಪ ಆಗ್ತಾ ಇದೆ.’

ಅಷ್ಟರಲ್ಲಿ ಶಿವಮೊಗ್ಗದ ದನಿ: ‘ಇಲ್ಲಿ ಕಪ್ಪಾಗಿ ಕವಿದಿದೆ ಓಎಂ. ನಾನು ಆಂಟೆನಾ ಬಿಚ್ಚಿಡ್ತೀನಿ. ಎಲ್ಲರಿಗೂ ಸೆವೆಂಟಿ ತ್ರೀ.’ ‘ಓಎಂ’ ಎಂದರೆ ಹ್ಯಾಮ್‌ಗಳು, ಅಂದರೆ ರೇಡಿಯೊ ಹವ್ಯಾಸಿಗಳು, ವಯಸ್ಸಿನ ಭೇದವಿಲ್ಲದೆ ಒಬ್ಬರನ್ನೊಬ್ಬರು ಕರೆದುಕೊಳ್ಳುವ ರೀತಿ, ‘73’ ಅವರ ವಿದಾಯ.

ಯಜಮಾನರು ಮೆಟ್ಟಿಲ ಕಡೆ ತಿರುಗಿ ಕೂಗಿದರು: ‘ಸಂಡಿಗೆ ತೆಗೆದುಬಿಡೇ, ಮಳೆ ಬರೋ ಹಾಗಿದೆ!’ ಕೆಳಗಿನಿಂದ ಮರುಪ್ರಶ್ನೆ ಬರಲಿಲ್ಲ. ತಾರಸಿಯಲ್ಲಿ ಪ್ಲಾಸ್ಟಿಕ್ ಹಾಳೆ ಮಡಿಸುವ ಸದ್ದಷ್ಟೇ ಬಂತು. ಅವರೂ ರೇಡಿಯೊ ಆರಿಸಿ, ಹಿಂಬದಿಯ ಕೇಬಲ್ಲಿನ ತಿರುಪು ಬಿಚ್ಚಿ, ತುದಿಯನ್ನು ಕಿಟಕಿಯಾಚೆಗೆ ಇಳಿಬಿಟ್ಟರು. ಸಿಡಿಲಿನ ಕಾಲದಲ್ಲಿ ಆಂಟೆನಾದ ತಂತಿ ಮನೆಯೊಳಗೆ ಇರಕೂಡದು. ಏಳು ಗಂಟೆ ಹೊತ್ತಿಗೆ ಅಶ್ವಿನಿ ಮಳೆ ಗುಡುಗಿನೊಂದಿಗೆ ಸುರಿಯಿತು.

ಎಪ್ಪತ್ತೈದರ ಅಂಚಿನಲ್ಲಿರುವ ಈ ಹಿರಿಯರು ನಗರದ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದವರು. ಹೆಸರು ಹಾಕಕೂಡದು, ಕಾಲ್‌ಸೈನ್ (ಹ್ಯಾಮ್‌ನ ಗುರುತಿನ ಸಂಕೇತ) ಅಂತೂ ಬೇಡವೇ ಬೇಡ ಎಂದು ಷರತ್ತು ಹಾಕಿ ಕೋಣೆಯ ಬಾಗಿಲು ತೆರೆದರು. ‘ಹವ್ಯಾಸದ ಬಗ್ಗೆ ಬರೀರಿ, ನನ್ನ ಬಗ್ಗೆ ಏನಿದೆ?’ ಎಂಬುದು ಅವರ ಮಾತು. ಆದರೆ ಈ ಹವ್ಯಾಸ ಒಬ್ಬ ಮನುಷ್ಯನನ್ನು ಹೇಗೆ ರೂಪಿಸುತ್ತದೆ ಎಂಬುದು ಅವರನ್ನು ಬಿಟ್ಟರೆ ತಿಳಿಯುವುದಿಲ್ಲ.

ಮುಳ್ಳು ತಿರುಗಿಸುವಾಗ ಸಿಕ್ಕ ದನಿ

ಹುಟ್ಟೂರು ತಿಪಟೂರು ಸೀಮೆಯ ಹಳ್ಳಿ. ತಂದೆ ಪ್ರೈಮರಿ ಶಾಲೆ ಮೇಷ್ಟ್ರು. ಮನೆಯಲ್ಲಿ ದೊಡ್ಡದೊಂದು ವಾಲ್ವ್ ರೇಡಿಯೊ, ಅದಕ್ಕೆ ಪ್ರತಿ ವರ್ಷ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದ ಕಾಲ. ಅಕ್ಕಂದಿರಿಗೆ ರೇಡಿಯೊ ಸಿಲೋನಿನ ಹಾಡು ಬೇಕು, ಅಪ್ಪನಿಗೆ ವಾರ್ತೆ. ಇವರಿಗೆ ಬೇಕಾದದ್ದು ಎರಡು ಸ್ಟೇಷನ್ನುಗಳ ನಡುವಿನ ಜಾಗ.

ಒಂದು ರಾತ್ರಿ ಶಾರ್ಟ್‌ವೇವ್‌ನ 41 ಮೀಟರ್ ಪಟ್ಟಿಯ ಅಂಚಿನಲ್ಲಿ ಮುಳ್ಳು ನಿಂತಿತು. ಹಾಡಲ್ಲ, ವಾರ್ತೆಯಲ್ಲ. ಯಾರೋ ಒಬ್ಬರು ಇಂಗ್ಲಿಷಿನಲ್ಲಿ, ನಮ್ಮವರದೇ ಉಚ್ಚಾರಣೆಯಲ್ಲಿ, ಇನ್ನೊಬ್ಬರಿಗೆ ತಮ್ಮ ಟ್ರಾನ್ಸ್‌ಮಿಟರಿನ ವಾಲ್ವಿಗೆ ಎಷ್ಟು ವೋಲ್ಟ್ ಕೊಟ್ಟಿದ್ದೇನೆಂದು ವಿವರಿಸುತ್ತಿದ್ದರು. ಮಾತು ಮುಗಿಸಿ ‘ಓವರ್’ ಎಂದರು. ಹುಡುಗನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ರೇಡಿಯೊ ಎಂದರೆ ಸರ್ಕಾರ ಮಾತಾಡುವುದು, ನಾವು ಕೇಳುವುದು ಎಂದೇ ತಿಳಿದಿದ್ದ ಮನೆಯಲ್ಲಿ, ರೇಡಿಯೊದಲ್ಲಿ ಮಾತಾಡುವ ಸಾಮಾನ್ಯರೂ ಇದ್ದಾರೆ ಎಂಬುದು ಸಣ್ಣ ಸುದ್ದಿಯಲ್ಲ.

ಆಗ ಹ್ಯಾಮ್‌ಗಳು ಆಕಾಶವಾಣಿಯಂತೆಯೇ ಎಎಂ ವಿಧಾನದಲ್ಲಿ ಪ್ರಸಾರ ಮಾಡುತ್ತಿದ್ದರು. ಅವರ 40 ಮೀಟರ್ ಪಟ್ಟಿ ಇರುವುದು 41 ಮೀಟರ್ ಪ್ರಸಾರ ಪಟ್ಟಿಯ ಪಕ್ಕದಲ್ಲೇ. ಹಾಗಾಗಿ ಮನೆಯ ಸಾಧಾರಣ ರೇಡಿಯೊದಲ್ಲೂ ಅವರ ಹರಟೆ ಸಿಕ್ಕಿಬಿಡುತ್ತಿತ್ತು. ಮುಂದೆ ಎಸ್‌ಎಸ್‌ಬಿ ಎಂಬ ಮಿತವ್ಯಯದ ವಿಧಾನ ಬಂತು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ದೂರ ಹೋಗುವ ಲಾಭ ಅದಕ್ಕಿದೆ. ಆದರೆ ಸಾಧಾರಣ ರೇಡಿಯೊದಲ್ಲಿ ಅದು ಅರ್ಥವಾಗದ ಗೊರಗೊರ ಸದ್ದು. ಹಳ್ಳಿಯ ಮಕ್ಕಳಿಗೆ ಆಕಸ್ಮಿಕವಾಗಿ ತೆರೆಯುತ್ತಿದ್ದ ಆ ಕಿಟಕಿ ಹೀಗೆ ಮುಚ್ಚಿಹೋಯಿತು ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಬೆಂಗಳೂರಿಗೆ ಎಂಜಿನಿಯರಿಂಗ್ ಓದಲು ಬಂದ ಮೇಲೆ ಹುಡುಗನಿಗೆ ಆ ದನಿಗಳ ಜಾಡು ಸಿಕ್ಕಿತು. ನಗರದಲ್ಲಿ ಅದಕ್ಕೆ ತಕ್ಕ ನೆಲ ಮೊದಲೇ ಹದವಾಗಿತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್. ವಿಮಾನ, ಟೆಲಿಫೋನ್, ರೇಡಿಯೊ ಮೂರನ್ನೂ ಬಲ್ಲ ಕೈಗಳು ಒಂದೇ ಊರಿನಲ್ಲಿ ಸೇರಿದ್ದವು. ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಮನೆಯಲ್ಲಿ ಬೆಸುಗೆ ಕಡ್ಡಿ ಹಿಡಿಯುವ ಒಂದು ತಲೆಮಾರೇ ಇಲ್ಲಿತ್ತು.

ಪರವಾನಗಿಯ ಪರೀಕ್ಷೆಯಲ್ಲಿ ಆಗ ಮೋರ್ಸ್ ಸಂಕೇತ ಕಡ್ಡಾಯವಾಗಿತ್ತು. ಮೇಲಿನ ದರ್ಜೆಗೆ ನಿಮಿಷಕ್ಕೆ 12 ಪದ ಕಳಿಸಬೇಕಿತ್ತು, ಅಷ್ಟೇ ವೇಗದಲ್ಲಿ ಕೇಳಿ ಬರೆದುಕೊಳ್ಳಬೇಕಿತ್ತು. ಸಿಟಿ ಬಸ್ಸಿನ ಕಿಟಕಿ ಪಕ್ಕ ಕೂತು ಅಂಗಡಿ ಬೋರ್ಡುಗಳನ್ನೆಲ್ಲ ಬಾಯಲ್ಲೇ ‘ಡಿ ಡಾ’ ಮಾಡಿಕೊಂಡು ಹೋಗುತ್ತಿದ್ದರಂತೆ. ‘ಚುಕ್ಕಿ ಗೆರೆ ಅಂತ ಎಣಿಸಿದರೆ ಮೋರ್ಸ್ ಯಾವತ್ತೂ ಬರಲ್ಲ. ಒಂದೊಂದು ಅಕ್ಷರಕ್ಕೂ ಒಂದೊಂದು ರಾಗ ಇದೆ, ಅದನ್ನ ಹಿಡೀಬೇಕು’ ಎಂದು ಹೇಳಿ, ಮೇಜಿನ ಅಂಚಿನ ಮೇಲೆ ಬೆರಳಿನಿಂದ ನನ್ನ ಹೆಸರು ತಟ್ಟಿ ತೋರಿಸಿದರು.

■ ಮೊದಲ ದನಿಗಳು
*ಭಾರತದ ಮೊದಲ ಪರವಾನಗಿ ಪಡೆದ ಹವ್ಯಾಸಿ ಅಮರೇಂದ್ರ ಚಂದ್ರ ಗುಪ್ತು. 1921ರಲ್ಲಿ ಅವರಿಗೆ ಸಿಕ್ಕ ಕಾಲ್‌ಸೈನ್ 2ಜೆಕೆ. ಬೆನ್ನಿಗೇ ಮುಕುಲ್ ಬೋಸ್ (2ಎಚ್‌ಕ್ಯೂ) ಬಂದರು.*
*1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಕೇಂದ್ರ ಆರಂಭಿಸಿದರು. ಇಡೀ ದೇಶದ ಬಾನುಲಿಗೆ ಮುಂದೆ ‘ಆಕಾಶವಾಣಿ’ ಎಂಬ ಹೆಸರು ಹೋದದ್ದು ಆ ಮನೆಯಿಂದ.*
*1939ರಲ್ಲಿ ಯುದ್ಧ ಶುರುವಾದೊಡನೆ ಬ್ರಿಟಿಷ್ ಸರ್ಕಾರ ಹವ್ಯಾಸಿಗಳ ಪರವಾನಗಿ ರದ್ದು ಮಾಡಿತು. 1942ರಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಬಾಂಬೆಯಲ್ಲಿ ನಡೆಸಿದ ಗುಪ್ತ ‘ಕಾಂಗ್ರೆಸ್ ರೇಡಿಯೊ’ಗೆ ತಾಂತ್ರಿಕ ನೆರವು ಬಂದದ್ದು ಹವ್ಯಾಸಿ ನಾರಿಮನ್ ಪ್ರಿಂಟರ್ ಅವರಿಂದ.*

ಒಂದು ಕೈ ಜೇಬಿನಲ್ಲಿರಲಿ

ಪರವಾನಗಿ ದೆಹಲಿಯಿಂದ ಬರುವಷ್ಟರಲ್ಲಿ ಹುಡುಗನ ಓದು ಮುಗಿದು ಕೆಲಸವೂ ಸಿಕ್ಕಿತ್ತು. ಅಂಗಡಿಗೆ ಹೋಗಿ ಕೊಳ್ಳಲು ಆಗ ಹ್ಯಾಮ್ ಸೆಟ್ಟು ಎಂಬುದೇ ಇರಲಿಲ್ಲ. ಹೊರದೇಶದಿಂದ ತರಿಸುವ ಮಾತು ದೂರ. ಉಳಿದದ್ದು ಬೆಂಗಳೂರಿನ ಎಸ್.ಪಿ. ರೋಡಿನ ಗುಜರಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ಕೈಬಿಟ್ಟ ಸಂಪರ್ಕ ಸಾಧನಗಳು ದಶಕಗಳ ಕಾಲ ದೇಶದ ಗುಜರಿ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಬಿಕರಿಯಾದವು. ಅದರೊಳಗೆ ಅಡಗಿರುತ್ತಿದ್ದ ರತ್ನ 807 ಎಂಬ ವಾಲ್ವ್. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಗಾಜಿನ ಬುರುಡೆ, ನೆತ್ತಿಯ ಮೇಲೊಂದು ಲೋಹದ ಟೋಪಿ. ಅಂಥದ್ದೊಂದನ್ನು ಇವರು ಇವತ್ತಿಗೂ ಹತ್ತಿ ಸುತ್ತಿ ಇಟ್ಟಿದ್ದಾರೆ. ತೆಗೆದು ನನ್ನ ಕೈಗಿಟ್ಟರು. ಒಳಗಿನ ತಟ್ಟೆಗಳು, ಜಾಲರಿ, ತಳದಲ್ಲಿ ಬೆಳ್ಳಿಯಂತೆ ಹೊಳೆಯುವ ಲೇಪ ಎಲ್ಲವೂ ಕಣ್ಣಿಗೆ ಕಾಣುತ್ತದೆ. ‘ಗಾಳಿ ಒಳಗೆ ಹೋದರೆ ಆ ಬೆಳ್ಳಿ ಬಣ್ಣ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಅಂಗಡೀಲಿ ಮೊದಲು ಅದನ್ನೇ ನೋಡೋದು. ಆಮೇಲೆ ಚೌಕಾಸಿ.’

ಈ ವಾಲ್ವಿಗೆ ಐನೂರು ವೋಲ್ಟಿನ ಆಸುಪಾಸು ಬೇಕು. ಟ್ರಾನ್ಸ್‌ಫಾರ್ಮರನ್ನು ಸಾವಿರಾರು ಸುತ್ತು ತಂತಿ ಸುತ್ತಿ ಮನೆಯಲ್ಲೇ ಮಾಡಿದರು. ಅಲ್ಯೂಮಿನಿಯಂ ತಗಡನ್ನು ಕತ್ತರಿಸಿ, ಮಡಿಸಿ, ವಾಲ್ವಿನ ಬುಡಕ್ಕೆ ತೂತು ಕೊರೆದು ಚಾಸಿ ಮಾಡಿದರು. ಹಿರಿಯ ಹ್ಯಾಮ್ ಒಬ್ಬರು ಆಗ ಹೇಳಿಕೊಟ್ಟ ನಿಯಮವನ್ನು ಇವರು ಈಗಲೂ ತಮ್ಮ ಬಳಿ ಬರುವವರಿಗೆ ಮೊದಲ ಪಾಠವಾಗಿ ಹೇಳುತ್ತಾರೆ: ಕರೆಂಟ್ ಇರುವ ಚಾಸಿ ಮುಟ್ಟುವಾಗ ಎಡಗೈ ಪ್ಯಾಂಟಿನ ಜೇಬಿನಲ್ಲಿರಲಿ. ಎರಡೂ ಕೈ ಚಾಚಿದರೆ ವಿದ್ಯುತ್ತು ಒಂದು ಕೈಯಿಂದ ಹೊಕ್ಕು ಎದೆಯ ಮೂಲಕ ಇನ್ನೊಂದು ಕೈಗೆ ಹಾಯುತ್ತದೆ.

ಕಾರ್ಖಾನೆಯಲ್ಲಿ ತಮಗಿದ್ದ ಹೆಸರಿಗೆ ಕಾಲೇಜಿಗಿಂತ ಈ ಚಾಸಿಗಳೇ ಹೆಚ್ಚು ಕಾರಣ ಎನ್ನುತ್ತಾರೆ ಅವರು. ಕೆಟ್ಟ ಯಂತ್ರದ ಮುಂದೆ ಕೂತು, ಎಲ್ಲಿಯವರೆಗೆ ಸಿಗ್ನಲ್ ಸರಿಯಾಗಿ ಬಂದಿದೆ, ಎಲ್ಲಿಂದಾಚೆಗೆ ಇಲ್ಲ ಎಂದು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುವ ಶಿಸ್ತು ಅಲ್ಲಿ ಬೆಳೆದದ್ದು. ತಾನೇ ಕಟ್ಟಿದ್ದು ತನ್ನ ಕಣ್ಣೆದುರೇ ಹೊಗೆಯಾದಾಗ ಕಲಿಯುವುದು ಮರೆಯುವುದಿಲ್ಲ.

1980ರ ದಶಕದಲ್ಲಿ ಆಮದು ಸುಂಕದ ವಿನಾಯಿತಿ ಸಿಕ್ಕಿ ಜಪಾನಿನ ಸೆಟ್ಟುಗಳು ಬರತೊಡಗಿದವು. ಪ್ರಧಾನಿ ರಾಜೀವ್ ಗಾಂಧಿ ಸ್ವತಃ ಹ್ಯಾಮ್, ಕಾಲ್‌ಸೈನ್ ವಿಯು2ಆರ್‌ಜಿ. ಆದರೂ ಕಟ್ಟುವ ಚಟ ಸಾಯಲಿಲ್ಲ. 2003ರಲ್ಲಿ ಹೈದರಾಬಾದಿನ ಅಶ್ಹರ್ ಫರ್ಹಾನ್ ‘ಬಿಟ್‌ಎಕ್ಸ್’ ಎಂಬ ಟ್ರಾನ್ಸೀವರಿನ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ದುಬಾರಿ ಬಿಡಿಭಾಗ ಸಿಗದ ಊರಿನಲ್ಲೂ ಕಟ್ಟಲು ಬರಲಿ ಎಂದು, ಸುರುಳಿ ಸುತ್ತಲು ಅವರು ಸೂಚಿಸಿದ್ದು ನಲ್ಲಿಯ ವಾಷರ್! ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಷರಿಗೆ ತಂತಿ ಸುತ್ತಿ ಜಗತ್ತಿನ ಉದ್ದಗಲಕ್ಕೂ ಹ್ಯಾಮ್‌ಗಳು ಆ ರೇಡಿಯೊ ಕಟ್ಟಿದರು. ಭಾರತದ ಎಂಜಿನಿಯರಿಂಗ್ ಜಾಣ್ಮೆಗೆ ಉದಾಹರಣೆ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಮೂವತ್ತು ನಲವತ್ತರಲ್ಲಿ ಅರವತ್ತಾರು ಅಡಿ

ಹವ್ಯಾಸದ ಅತಿ ದೊಡ್ಡ ಸವಾಲು ಇರುವುದು ಪೆಟ್ಟಿಗೆಯಲ್ಲಲ್ಲ, ಅದರ ಹೊರಗೆ. ಅಂದರೆ ಆಂಟೆನಾ.

40 ಮೀಟರ್ ಪಟ್ಟಿಗೆ ಅತಿ ಸರಳ ಆಂಟೆನಾ ಡೈಪೋಲ್. ನಡುವೆ ಕೇಬಲ್ ಜೋಡಿಸಿದ ನೇರ ತಂತಿ, ಉದ್ದ ಅಲೆಯ ಅರ್ಧ. ಲೆಕ್ಕ ಸುಲಭ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಉತ್ತರ. 7.05 ಮೆಗಾಹರ್ಟ್ಸ್‌ಗೆ ಸುಮಾರು 20.3 ಮೀಟರ್, ಅಂದರೆ ಅರವತ್ತಾರು ಅಡಿ ಚಿಲ್ಲರೆ. ಇವರ ಸೈಟು 30×40. ಮೂಲೆಯಿಂದ ಮೂಲೆಗೆ ಎಳೆದರೂ ಸರಿಯಾಗಿ ಐವತ್ತೇ ಅಡಿ.

ಆದ್ದರಿಂದ ನೀರಿನ ಟ್ಯಾಂಕಿನ ಪಕ್ಕ ಇಪ್ಪತ್ತಡಿ ಜಿಐ ಪೈಪು ನಿಲ್ಲಿಸಿ, ತಂತಿಯ ನಡುಭಾಗವನ್ನು ಅದರ ತುದಿಗೆ ಏರಿಸಿ, ಎರಡು ತೋಳುಗಳನ್ನು ಇಳಿಜಾರಾಗಿ ಬಿಟ್ಟು, ಉಳಿದ ತುದಿಯನ್ನು ಪ್ಯಾರಪೆಟ್ ಗುಂಟ ಬಗ್ಗಿಸಿದ್ದಾರೆ. ಒಂದು ತುದಿಯ ನೈಲಾನ್ ಹಗ್ಗ ಪಕ್ಕದ ಮನೆಯ ತೆಂಗಿನ ಮರಕ್ಕೆ ಕಟ್ಟಿದೆ. ‘ಮರ ಅವರದು, ಹಗ್ಗ ನಮ್ಮದು. ವರ್ಷಕ್ಕೊಂದು ಸಲ ಕಾಯಿ ಕೀಳಿಸುವ ಕೂಲಿ ನಾವು ಕೊಡ್ತೀವಿ’ ಎಂದು ವಿವರಿಸಿದವರು ಮನೆಯೊಡತಿ. ನೆರೆಹೊರೆಯ ಈ ಒಪ್ಪಂದ ಮೂವತ್ತು ವರ್ಷ ಹಳೆಯದು.

ಈ ವಂಕಿ ತಂತಿಯಿಂದ ಹೊರಟ ಅಲೆ ಏನಾಗುತ್ತದೆ? ನೆಲದಿಂದ ನೂರಾರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಅತಿನೇರಳೆ ಕಿರಣಗಳ ಹೊಡೆತಕ್ಕೆ ಗಾಳಿಯ ಕಣಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ. ಆ ವಲಯವೇ ಅಯಾನುಗೋಳ. ಅದರ ಮೇಲಿನ ‘ಎಫ್’ ಪದರ ಶಾರ್ಟ್‌ವೇವ್ ಅಲೆಗಳನ್ನು ಬಾಗಿಸಿ ನೆಲಕ್ಕೆ ಮರಳಿಸುತ್ತದೆ. ಕೆಳಗಿನ ‘ಡಿ’ ಪದರ ಹಗಲು ಮಾತ್ರ ಇದ್ದು ಕಡಿಮೆ ಆವರ್ತನದ ಅಲೆಗಳನ್ನು ನುಂಗುತ್ತದೆ, ಸೂರ್ಯ ಮುಳುಗಿದ ಮೇಲೆ ಕರಗಿಹೋಗುತ್ತದೆ. ಹಾಗಾಗಿಯೇ 40 ಮೀಟರಿನಲ್ಲಿ ಹಗಲು ಮೈಸೂರು, ಶಿವಮೊಗ್ಗ. ಕತ್ತಲಾದರೆ ಯುರೋಪು, ಜಪಾನು.

ಕೋಣೆಯ ಗೋಡೆಯಲ್ಲಿ ದಿನದರ್ಶಿಯ ಪಕ್ಕ ಒಂದು ಗ್ರಾಫ್ ಹಾಳೆ ಇದೆ. ಅದರ ಮೇಲೆ ಪೆನ್ಸಿಲಿನಲ್ಲಿ ಎಳೆದ ಏರಿಳಿತ, ಸೂರ್ಯನ ಕಲೆಗಳ ಲೆಕ್ಕ. ಸುಮಾರು 11 ವರ್ಷಕ್ಕೊಮ್ಮೆ ಕಲೆಗಳು ಹೆಚ್ಚಿ ಮತ್ತೆ ಇಳಿಯುತ್ತವೆ. ಹೆಚ್ಚಿದಾಗ ಅಯಾನುಗೋಳ ದಟ್ಟವಾಗಿ 28 ಮೆಗಾಹರ್ಟ್ಸ್‌ನ 10 ಮೀಟರ್ ಪಟ್ಟಿ ಜೀವ ತಳೆಯುತ್ತದೆ. ಈಗಿನ ಸೌರಚಕ್ರ 25ನೆಯದು. ಅದು ಗರಿಷ್ಠ ಘಟ್ಟ ತಲುಪಿದೆ ಎಂದು 2024ರ ಅಕ್ಟೋಬರಿನಲ್ಲಿ ಅಮೆರಿಕದ ವಿಜ್ಞಾನಿಗಳು ಘೋಷಿಸಿದರು. ಆ ದಿನಗಳಲ್ಲಿ ಇವರು ಬರೀ ಐದು ವಾಟ್‌ನಲ್ಲಿ ಬ್ರೆಜಿಲಿನ ಒಬ್ಬ ಹ್ಯಾಮ್ ಜೊತೆ ಮಾತಾಡಿದರು. ಸೈಕಲ್ ಡೈನಮೊ ದೀಪ ಬೆಳಗಲು ಬೇಕಾಗುವುದಕ್ಕಿಂತ ಬಹಳ ಹೆಚ್ಚೇನಲ್ಲ ಆ ಶಕ್ತಿ.

ಇದೇ ಸೂರ್ಯ ಮುನಿದದ್ದೂ ಉಂಟು. 2024ರ ಮೇ 10–11ರ ಸೌರ ಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಇಂಥ ಬಿರುಗಾಳಿಗಳಲ್ಲಿ ಶಾರ್ಟ್‌ವೇವ್ ಪಟ್ಟಿಗಳು ಮಂಕು ಬಡಿದಂತೆ ಸ್ತಬ್ಧವಾಗುತ್ತವೆ. ಬೆಂಗಳೂರಿನ ಉತ್ತರಕ್ಕೆ ಗೌರಿಬಿದನೂರಿನ ಬಯಲಿನಲ್ಲಿ ವಿಜ್ಞಾನಿಗಳು ಸೂರ್ಯನ ರೇಡಿಯೊ ಅಲೆಗಳನ್ನು 1970ರ ದಶಕದಿಂದ ಅಳೆಯುತ್ತಿದ್ದಾರೆ. ರೇಡಿಯೊ ಖಗೋಳ ವಿಜ್ಞಾನಕ್ಕೂ ಹ್ಯಾಮ್‌ಗಳಿಗೂ ಹಳೆಯ ಸಂಬಂಧ. 1937ರಲ್ಲಿ ಅಮೆರಿಕದ ಎಂಜಿನಿಯರ್ ಗ್ರೋಟ್ ರೀಬರ್ ತನ್ನ ಮನೆಯ ಹಿತ್ತಿಲಲ್ಲಿ, ತನ್ನದೇ ಹಣದಲ್ಲಿ ಒಂಬತ್ತು ಮೀಟರಿಗೂ ಅಗಲದ ಬೋಗುಣಿ ಆಂಟೆನಾ ನಿಲ್ಲಿಸಿ ಆಕಾಶಗಂಗೆಯ ರೇಡಿಯೊ ನಕ್ಷೆ ಬರೆದ. ಆತನೂ ಹ್ಯಾಮ್.

ಈ ಅಯಾನುಗೋಳದ ದಾರಿಯನ್ನು ಬಳಸಿ ತೋರಿಸಿದವರೂ ಹವ್ಯಾಸಿಗಳೇ. 1912ರ ಅಮೆರಿಕದ ಕಾನೂನು ಅವರನ್ನು 200 ಮೀಟರಿಗಿಂತ ಚಿಕ್ಕ ಅಲೆಗಳಿಗೆ ತಳ್ಳಿತು. ಆ ಅಲೆಗಳು ದೂರ ಹೋಗಲಾರವು, ನಿರುಪಯೋಗಿ ಎಂದು ಆಗ ಬಲ್ಲವರೂ ನಂಬಿದ್ದರು. 1923ರ ನವೆಂಬರಿನಲ್ಲಿ ಅಮೆರಿಕದ ಫ್ರೆಡ್ ಶ್ನೆಲ್ ಮತ್ತು ಫ್ರಾನ್ಸಿನ ಲಿಯೋಂ ಡೆಲಾಯ್ 110 ಮೀಟರ್ ಆಸುಪಾಸಿನ ಅಲೆಯಲ್ಲಿ ಅಟ್ಲಾಂಟಿಕ್ ದಾಟಿ ಪರಸ್ಪರ ಮಾತಾಡಿಕೊಂಡರು. ಆ ಮೇಲೆ ಕಂಪನಿಗಳೂ ಸರ್ಕಾರಗಳೂ ‘ನಿರುಪಯೋಗಿ’ ಅಲೆಗಳಿಗೆ ಮುಗಿಬಿದ್ದವು. 1925ರ ಏಪ್ರಿಲ್ 18ರಂದು ಪ್ಯಾರಿಸಿನಲ್ಲಿ ಹವ್ಯಾಸಿಗಳ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು ತಮ್ಮ ಪಾಲಿನ ಪಟ್ಟಿಗಳನ್ನು ಉಳಿಸಿಕೊಳ್ಳಲು.

ಡಿಸೆಂಬರ್ 26ರ ಪುಟ

ಇವರ ಲಾಗ್‌ಬುಕ್ಕುಗಳು ಒಟ್ಟು ಒಂದು ಬೀರು ತುಂಬ ಇವೆ. ದಿನಾಂಕ, ಸಮಯ, ಆವರ್ತನ, ಎದುರು ಸ್ಟೇಷನ್, ಸಿಗ್ನಲ್ಲಿನ ಗುಣ. ಹೆಚ್ಚಿನ ಪುಟಗಳಲ್ಲಿ ಅಚ್ಚುಕಟ್ಟಾದ ಸಾಲುಗಳು. 2004ರ ಡಿಸೆಂಬರಿನ ಪುಸ್ತಕದಲ್ಲಿ ಮಾತ್ರ ಅಕ್ಷರ ಓರೆ, ಅಂಚಿನಲ್ಲೆಲ್ಲ ಹೆಸರುಗಳು, ಫೋನ್ ನಂಬರುಗಳು.

ಆ ತಿಂಗಳು ಜಗತ್ತಿನ ಹ್ಯಾಮ್‌ಗಳೆಲ್ಲ ಅಂಡಮಾನಿನ ಕಡೆ ಕಿವಿ ನೆಟ್ಟಿದ್ದರು. ಬಹಳ ವರ್ಷಗಳ ನಂತರ ಅಲ್ಲಿಂದ ಹವ್ಯಾಸಿ ಪ್ರಸಾರಕ್ಕೆ ಅನುಮತಿ ಸಿಕ್ಕಿತ್ತು. ಭಾರತಿ ಪ್ರಸಾದ್ ನೇತೃತ್ವದ ತಂಡ ಪೋರ್ಟ್‌ಬ್ಲೇರಿನಿಂದ ವಿಯು4ಆರ್‌ಬಿಐ ಕಾಲ್‌ಸೈನ್‌ನಲ್ಲಿ ಹಗಲಿರುಳು ಮಾತಾಡುತ್ತಿತ್ತು. 26ರ ಬೆಳಿಗ್ಗೆ ಸುನಾಮಿ ಬಂತು. ಫೋನು ಸತ್ತಿತು. ಮೋಜಿಗೆಂದು ಹೂಡಿದ್ದ ಸ್ಟೇಷನ್ನು ಕೆಲವೇ ಗಂಟೆಗಳಲ್ಲಿ ದ್ವೀಪಕ್ಕೂ ಹೊರಜಗತ್ತಿಗೂ ನಡುವಿನ ಕೊಂಡಿಯಾಯಿತು. ಯಾರು ಕ್ಷೇಮ, ಯಾರು ಎಲ್ಲಿದ್ದಾರೆ ಎಂಬ ಸುದ್ದಿಗಳು ಅಲ್ಲಿಂದ ಹೊರಟು ದೇಶದ ನಾನಾ ಊರಿನ ಹ್ಯಾಮ್‌ಗಳ ಮೂಲಕ ಮನೆಮನೆಗೆ ಮುಟ್ಟಿದವು.

ಬೆಂಗಳೂರಿನ ಈ ಕೋಣೆಯೂ ಅಂಥ ಒಂದು ತಂಗುದಾಣ. ‘ಹೆಸರಿನ ಒಂದೊಂದು ಅಕ್ಷರಾನೂ ಬಿಡಿಸಿ ಬರ್ಕೋಬೇಕು. ಮ ಕೇಳಿಸ್ತಾ, ನ ಕೇಳಿಸ್ತಾ ಅಂತ ಅನುಮಾನ ಬಂದ್ರೆ ಮತ್ತೆ ಕೇಳಬೇಕು. ತಪ್ಪು ಮನೆಗೆ ಫೋನ್ ಮಾಡಿ ನಿಮ್ಮ ಮಗ ಕ್ಷೇಮ ಅಂತ ಹೇಳೋ ಹಾಗಿಲ್ಲ’ ಎಂದರು. ಪತ್ನಿ ಪಕ್ಕದಲ್ಲಿ ಕೂತು ಲ್ಯಾಂಡ್‌ಲೈನಿನಿಂದ ಒಂದೊಂದೇ ಮನೆಗೆ ಫೋನ್ ಮಾಡುತ್ತಾ ಹೋದರು. ‘ಅತ್ತ ಕಡೆಯಿಂದ ಅಳು ಕೇಳಿಸಿದರೆ ನನಗೂ ಮಾತು ಹೊರಡ್ತಿರಲಿಲ್ಲ’ ಎಂದರು ಅವರು. ಅಲ್ಲಿಯವರೆಗೆ ಗಂಡನ ಹುಚ್ಚು ಎಂದು ಸಹಿಸಿಕೊಂಡಿದ್ದ ತಾವು ಆಮೇಲೆ ಯಾವ ದಿನವೂ ಆ ಕೋಣೆಯ ಬಗ್ಗೆ ಗೊಣಗಲಿಲ್ಲವಂತೆ.

1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪದಲ್ಲೂ ಹ್ಯಾಮ್‌ಗಳು ಇದೇ ಕೆಲಸ ಮಾಡಿದರು. ಟವರುಗಳು ಬಿದ್ದಾಗ ನೆನಪಾಗುವ ಇವರನ್ನು ಟವರುಗಳು ನಿಂತಿರುವಾಗಲೂ ನೆನಪಿಡಬೇಕು. ಕಾರು ಬ್ಯಾಟರಿ, ಒಂದು ತಂತಿ, ಒಂದು ಮರ ಸಿಕ್ಕರೆ ಹತ್ತು ನಿಮಿಷದಲ್ಲಿ ಸಂಪರ್ಕ ಹುಟ್ಟಿಸಬಲ್ಲ ಜನ ಪ್ರತಿ ತಾಲ್ಲೂಕಿನಲ್ಲಿ ಇಬ್ಬರಾದರೂ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

■ ಹ್ಯಾಮ್ ಆಗುವುದು ಹೇಗೆ?
*12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಓದಿನ ಪದವಿ ಬೇಕಿಲ್ಲ. ಪರವಾನಗಿ ನೀಡುವುದು ಕೇಂದ್ರ ದೂರಸಂಪರ್ಕ ಇಲಾಖೆ.*
*ರೇಡಿಯೊ ತತ್ವ ಮತ್ತು ನಿಯಮಗಳು, ಎರಡರಲ್ಲೂ ಪಾಸಾಗಬೇಕು. ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ. ಜನರಲ್ ದರ್ಜೆಗೆ ಬೇಕು.*
*ಹಾಡು ಹಾಕುವಂತಿಲ್ಲ, ವ್ಯಾಪಾರ ಮಾತಾಡುವಂತಿಲ್ಲ, ಗುಪ್ತ ಸಂಕೇತ ಬಳಸುವಂತಿಲ್ಲ. ಮಾತಾಡಿದ್ದು ಜಗತ್ತಿಗೆಲ್ಲ ಕೇಳಿಸುತ್ತದೆ.*

ತಲೆ ಮೇಲೆ ಹತ್ತೇ ನಿಮಿಷ

2025ರ ಜುಲೈ 4ರಂದು, ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಶಾಲಾ ಮಕ್ಕಳೊಂದಿಗೆ ಮಾತಾಡಿದ್ದು ಹ್ಯಾಮ್ ರೇಡಿಯೊ ಮೂಲಕ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಹೋಗುವ ನಿಲ್ದಾಣ ಒಂದು ಊರಿನ ಆಕಾಶದಲ್ಲಿ ಇರುವುದು ಹತ್ತು ನಿಮಿಷದ ಆಸುಪಾಸು ಮಾತ್ರ. ಅಷ್ಟರಲ್ಲಿ ಪ್ರಶ್ನೆ, ಉತ್ತರ, ವಿದಾಯ ಎಲ್ಲ ಮುಗಿಯಬೇಕು.

ಆ ನಿಲ್ದಾಣದ ದನಿ ಕೆಳಗೆ ಬರುವುದು 145.800 ಮೆಗಾಹರ್ಟ್ಸ್‌ನಲ್ಲಿ. ಹತ್ತಿರ ಬರುವಾಗ ಸುಮಾರು 3 ಕಿಲೋಹರ್ಟ್ಸ್‌ನಷ್ಟು ಮೇಲೆ, ದೂರ ಸರಿಯುವಾಗ ಅಷ್ಟೇ ಕೆಳಗೆ ಜಾರುತ್ತದೆ. ರೈಲಿನ ಸೀಟಿ ನಮ್ಮನ್ನು ದಾಟಿಹೋಗುವಾಗ ಬದಲಾಗುವುದೂ ಇದೇ ತತ್ವದಿಂದ. ಪಠ್ಯಪುಸ್ತಕದ ಡಾಪ್ಲರ್ ಪರಿಣಾಮವನ್ನು ಗುಂಡಿ ತಿರುಗಿಸುವ ಬೆರಳಿನಲ್ಲೇ ಅನುಭವಿಸುವ ಭಾಗ್ಯ ಇದು.

ಬೆಂಗಳೂರಿಗೆ ಇನ್ನೂ ಹತ್ತಿರದ ಕಥೆ ಹ್ಯಾಮ್‌ಸ್ಯಾಟ್‌ನದು. ಇಸ್ರೊ 2005ರ ಮೇ 5ರಂದು ಪಿಎಸ್‌ಎಲ್‌ವಿ ಸಿ–6 ರಾಕೆಟ್ಟಿನಲ್ಲಿ ಕಾರ್ಟೊಸ್ಯಾಟ್–1ರ ಜೊತೆ ಹಾರಿಸಿದ 42.5 ಕಿಲೊ ತೂಕದ ಈ ಉಪಗ್ರಹ ಸಂಪೂರ್ಣ ಹವ್ಯಾಸಿಗಳಿಗಾಗಿ. ಅದರ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದು ಇಲ್ಲಿಯದೇ, ಇನ್ನೊಂದನ್ನು ಕಟ್ಟಿದವನು ಆಗ ವಿದ್ಯಾರ್ಥಿಯಾಗಿದ್ದ ಡಚ್ ಹ್ಯಾಮ್. ಎರಡು ವರ್ಷ ಬಾಳಿದರೆ ಸಾಕೆಂದಿದ್ದ ಅದು ಒಂಬತ್ತು ವರ್ಷ ದುಡಿಯಿತು. 2014ರ ಜುಲೈನಲ್ಲಿ ಬ್ಯಾಟರಿ ಸೋತು ಮೌನವಾಯಿತು. ಕೊನೆಯ ತಿಂಗಳುಗಳಲ್ಲಿ ಅದು ಬಿಸಿಲಿಗೆ ಬಂದಾಗಲೆಲ್ಲ ಇವರು ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾ ಹೊತ್ತು ತಾರಸಿಗೆ ಓಡುತ್ತಿದ್ದರು. ಮರದ ಪಟ್ಟಿಗೆ ಅಲ್ಯೂಮಿನಿಯಂ ಕಡ್ಡಿ ಸಿಕ್ಕಿಸಿ ಮಾಡಿದ ಆ ಆಂಟೆನಾ ಈಗ ಬಾಗಿಲ ಹಿಂದೆ ನಿಂತಿದೆ.

ಬೀದಿ ಅಲೆದು ಹಿಡಿದ ಕಳ್ಳ ಸದ್ದು

ಈಗಿನ ದೊಡ್ಡ ಶತ್ರು ಗದ್ದಲ. ಸಿಡಿಲಿನದಲ್ಲ, ಊರಿನದು. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಪ್ರತಿಯೊಂದರ ಒಳಗೂ ಸೆಕೆಂಡಿಗೆ ಸಾವಿರಾರು ಸಲ ಆರಿ ಹೊತ್ತುವ ಸರ್ಕ್ಯೂಟು ಇದೆ. ಸರಿಯಾದ ಫಿಲ್ಟರ್ ಹಾಕದಿದ್ದರೆ ಅದು ಪುಟ್ಟ ಟ್ರಾನ್ಸ್‌ಮಿಟರೇ. ಇಡೀ ಬಡಾವಣೆಯ ಚಾರ್ಜರುಗಳ ಗೊರಕೆಯ ಕೆಳಗೆ ದೂರದ ಹ್ಯಾಮ್‌ನ ಕ್ಷೀಣ ದನಿ ಮುಳುಗಿಹೋಗುತ್ತದೆ.

ಎರಡು ವರ್ಷದ ಕೆಳಗೆ ಸಂಜೆ ಏಳಾದರೆ ಸಾಕು, 40 ಮೀಟರಿನಲ್ಲಿ ಗುಂಯ್ಯೆಂಬ ಸದ್ದು ಏಳುತ್ತಿತ್ತು. ಇವರು ಬ್ಯಾಟರಿಯ ಪುಟ್ಟ ಟ್ರಾನ್ಸಿಸ್ಟರ್ ರೇಡಿಯೊ ಕಿವಿಗಿಟ್ಟುಕೊಂಡು ಬೀದಿ ಬೀದಿ ಸುತ್ತಿದರು. ಒಳಗಿನ ಫೆರೈಟ್ ಕಡ್ಡಿಗೆ ದಿಕ್ಕಿನ ಗುಣ ಇದೆ. ರೇಡಿಯೊವನ್ನು ತಿರುಗಿಸಿದಾಗ ಸದ್ದು ತೀರಾ ಕುಗ್ಗುವ ನೆಲೆಯಲ್ಲಿ ಕಡ್ಡಿಯ ತುದಿ ಮೂಲದ ಕಡೆ ತೋರಿಸುತ್ತದೆ. ಹೀಗೆ ಮೂರು ತಿರುವು ದಾಟಿ ತಲುಪಿದ್ದು ಒಂದು ಮನೆಯ ವರಾಂಡದ ದೀಪಕ್ಕೆ. ಆ ಮನೆಯ ಅಜ್ಜಿಗೆ ನಮಸ್ಕಾರ ಹೇಳಿ, ವಿಷಯ ತಿಳಿಸಿ, ಮಾರನೆಯ ದಿನ ತಮ್ಮ ಹಣದಲ್ಲೇ ಒಳ್ಳೆಯ ಬಲ್ಬ್ ತಂದು ಹಾಕಿಕೊಟ್ಟರು. ಅಜ್ಜಿ ಕಾಫಿ ಕೊಟ್ಟರು. ಹಳೆಯ ಬಲ್ಬನ್ನು ಬಿಚ್ಚಿ ನೋಡಿದರೆ ಒಳಗೆ ಫಿಲ್ಟರಿನ ಕೆಪಾಸಿಟರ್ ಇರಬೇಕಾದ ಜಾಗ ಖಾಲಿ.

ಗದ್ದಲದ ಅಡಿಯಿಂದಲೂ ಸಂದೇಶ ಹೆಕ್ಕುವ ತಂತ್ರಗಳು ಬಂದಿವೆ. 1993ರ ಭೌತವಿಜ್ಞಾನ ನೊಬೆಲ್ ಪಡೆದ ಜೋ ಟೇಲರ್ ಹುಡುಗನಾಗಿದ್ದಾಗಿನಿಂದ ಹ್ಯಾಮ್. ಅವರು ಸ್ಟೀವ್ ಫ್ರಾಂಕೆ ಜೊತೆ 2017ರಲ್ಲಿ ತಂದ ‘ಎಫ್‌ಟಿ8’ ವಿಧಾನದಲ್ಲಿ ಕಂಪ್ಯೂಟರ್ 15 ಸೆಕೆಂಡಿನ ಸರದಿಯಲ್ಲಿ ಪುಟ್ಟ ಸಂದೇಶ ಕಳಿಸುತ್ತದೆ. ಕಿವಿಗೆ ಕೇಳಿಸದಷ್ಟು ಕ್ಷೀಣವಾದರೂ ಓದಿಕೊಳ್ಳುತ್ತದೆ. ನಮ್ಮ ಹಿರಿಯರು ಅದನ್ನು ಬಲ್ಲರು, ಬಳಸುತ್ತಾರೆ. ಆದರೆ ರಾತ್ರಿ ಹನ್ನೊಂದರ ನಂತರ ಅವರ ಕೈ ಹೋಗುವುದು ಮೋರ್ಸ್ ಕೀಲಿಗೇ.

ತಂತ್ರದಿಂದ ಬಗೆಹರಿಯದ ತೊಡಕೆಂದರೆ ಜಾಗ. ಮಗಳು ಕೊಂಡಿರುವ ಅಪಾರ್ಟ್‌ಮೆಂಟಿಗೆ ಹೋಗಿ ಇರಲು ಇವರು ಒಪ್ಪದಿರುವುದು ಇದೊಂದೇ ಕಾರಣಕ್ಕೆ. ಅಲ್ಲಿ ತಾರಸಿಗೆ ಬೀಗ. ತಂತಿ ಕಟ್ಟುವುದಿರಲಿ, ಹತ್ತಿ ನೋಡಲೂ ಬಿಡುವುದಿಲ್ಲ. ಸೌರ ಫಲಕಕ್ಕೆ, ಡಿಶ್‌ಗೆ, ಮೊಬೈಲ್ ಕಂಪನಿಯ ಬಾಡಿಗೆ ಟವರಿಗೆ ಜಾಗ ಕೊಡುವ ನಿವಾಸಿ ಸಂಘಗಳು ಪರವಾನಗಿ ಇರುವ ಒಬ್ಬ ಹ್ಯಾಮ್‌ಗೆ ಒಂದು ತಂತಿಯಷ್ಟು ಜಾಗ ಕೊಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಪ್ರವಾಹವೋ ಭೂಕಂಪವೋ ಬಂದ ದಿನ ಆ ಕಟ್ಟಡದಲ್ಲಿ ಹೊರಜಗತ್ತಿನೊಡನೆ ಮಾತಾಡಬಲ್ಲ ಒಂದು ಮನೆಯಾದರೂ ಉಳಿಯುತ್ತದೆ. ಸಂಘಗಳ ಮುಂದಿನ ಸಭೆಯಲ್ಲಿ ಯಾರಾದರೂ ಈ ವಿಷಯ ಎತ್ತಲಿ ಎಂದು ಕೇಳಿಕೊಳ್ಳುತ್ತೇನೆ.

ಒಂದೊಂದು ಶನಿವಾರ ಒಂದೊಂದು ಪೆಟ್ಟಿಗೆ

ಕೋಣೆಯ ಅಟ್ಟದ ಮೇಲೆ ಸಾಲಾಗಿ ರಟ್ಟಿನ ಪೆಟ್ಟಿಗೆಗಳು. ಒಂದೊಂದರ ಮೇಲೂ ಮಾರ್ಕರಿನಲ್ಲಿ ಬರೆದ ಚೀಟಿ: ಒಳಗೇನಿದೆ, ಯಾವ ವರ್ಷದ್ದು, ಕೆಲಸ ಮಾಡುತ್ತದೋ ಇಲ್ಲವೋ, ಮತ್ತು ತಮ್ಮ ನಂತರ ಯಾರಿಗೆ ಹೋಗಬೇಕು. ತೀರಿಕೊಂಡ ಹ್ಯಾಮ್‌ನ ಮನೆಗೆ ಗೆಳೆಯರು ಹೋಗಿ ಸಾಮಾನು ವಿಂಗಡಿಸಿಕೊಡುವುದು ಈ ಬಳಗದ ಪದ್ಧತಿ. ಇವರೂ ಹಾಗೆ ಎಷ್ಟೋ ಮನೆಗಳಿಗೆ ಹೋಗಿ ಬಂದಿದ್ದಾರೆ. ಗುರುತಿಸುವವರಿಲ್ಲದೆ ಅಪರೂಪದ ವಾಲ್ವುಗಳು ಗಾಜಿನ ಚೂರಾಗಿ ಕಸದ ಗಾಡಿ ಹತ್ತಿದ್ದನ್ನೂ ಕಂಡಿದ್ದಾರೆ.

ಚೀಟಿಗಳಲ್ಲಿ ಕೆಲವು ಈಚೆಗೆ ತಿದ್ದಿದಂತಿವೆ. ‘ನಂತರ’ ಎಂಬುದನ್ನು ಹೊಡೆದುಹಾಕಿ ‘ಈಗಲೇ’ ಎಂದು ಬರೆದಿದ್ದಾರೆ. ತುಮಕೂರು ಕಡೆಯ ಪಾಲಿಟೆಕ್ನಿಕ್ ವಿದ್ಯಾರ್ಥಿಯೊಬ್ಬ ಶನಿವಾರ ಬಸ್ಸು ಹತ್ತಿ ಬರುತ್ತಾನೆ. ರೆಸ್ಟ್ರಿಕ್ಟೆಡ್ ದರ್ಜೆಯ ಪರೀಕ್ಷೆಗೆ ಓದುತ್ತಿದ್ದಾನೆ. ಅವನಿಗೆ ಪ್ರತಿ ಸಲವೂ ಒಂದು ಪೆಟ್ಟಿಗೆ ಕೊಟ್ಟು ಕಳಿಸುತ್ತಾರೆ, ಪುಕ್ಕಟೆ. ಆದರೆ ಕೊಡುವುದು ಕೆಟ್ಟಿರುವುದನ್ನೇ. ದೋಷ ಎಲ್ಲಿದೆ ಎಂದು ಅವನೇ ಹುಡುಕಿ, ಮುಂದಿನ ಶನಿವಾರ ಕಾಗದದ ಮೇಲೆ ಸರ್ಕ್ಯೂಟ್ ಬರೆದು ತೋರಿಸಿದರೆ ಮುಂದಿನ ಪೆಟ್ಟಿಗೆ.

ಕಳೆದ ಸಲ ಹೋದದ್ದು 1980ರ ದಶಕದಲ್ಲಿ ಇವರೇ ಕಟ್ಟಿದ ರಿಸೀವರ್. ಎರಡು ವಾರವಾದರೂ ಅದು ಅವನಿಗೆ ಬಗ್ಗಿಲ್ಲ. ನಾನು ಕೂತಿದ್ದಾಗಲೇ ಫೋನ್ ಬಂತು. ‘ಸರ್, ಆಡಿಯೊ ಹಂತ ಸರಿಯಿದೆ, ಮಿಕ್ಸರ್‌ವರೆಗೂ ಸಿಗ್ನಲ್ ಬರ್ತಿದೆ, ಆಮೇಲೆ ಏನೂ ಇಲ್ಲ.’

‘ಆಸಿಲೇಟರ್ ಓಡ್ತಿದೆಯಾ ನೋಡಿದ್ಯಾ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಇಲ್ಲ ಸರ್. ನೋಡ್ತೀನಿ ಸರ್.’

‘ನೋಡು. ಶನಿವಾರ ಬರುವಾಗ ಬರೆದುಕೊಂಡು ಬಾ’ ಎಂದು ಫೋನಿಟ್ಟರು. ಕೆಟ್ಟಿರುವ ಭಾಗ ಯಾವುದೆಂದು ಅವರಿಗೆ ಗೊತ್ತಿದೆ. ನನಗೂ ಹೇಳಲಿಲ್ಲ.